ಹಳೇ ರೀಲ್ ಕ್ಯಾಮೆರಾ ಕೆಟ್ಟರೆ ಮನೆಯಲ್ಲೇ ಬಿಚ್ಚಬಹುದಾ?

ಪರ: ಬಿಚ್ಚಿ, ಸುಮ್ನೆ ಕಪಾಟಿನಲ್ಲಿ ಇಡಬೇಡಿ

ಕ್ಯಾನನ್ ಎಇ-1 ಕ್ಯಾಮೆರಾ ಬಂದದ್ದು 1976ರಲ್ಲಿ. ಅದರ ಬ್ಯಾಟರಿ ಬಾಗಿಲು ಒಂದು ಸಣ್ಣ ಪ್ಲಾಸ್ಟಿಕ್ ತುಂಡು. ಅದನ್ನು ಹಿಡಿದಿಡುವ ಕೊಕ್ಕೆ ಇನ್ನೂ ಸಣ್ಣದು. ಇಷ್ಟು ವರ್ಷ ಕಳೆದ ಮೇಲೆ ಆ ಕೊಕ್ಕೆ ಪಟ್ ಅಂತ ಮುರಿಯುತ್ತದೆ. ಫೋಟೋ ತೆಗೆಯುವಾಗ ತೆರೆದು ಮುಚ್ಚಿ ಫಿಲ್ಮ್‌ಗೆ ಬೆಳಕು ಬಿಡುವ ಶಟರ್ ಈ ಕ್ಯಾಮೆರಾದಲ್ಲಿ ನಡೆಯುವುದೇ ಬ್ಯಾಟರಿಯಿಂದ. ಬ್ಯಾಟರಿ ಸರಿಯಾಗಿ ಕೂರದಿದ್ದರೆ ಒಂದು ಫೋಟೋ ಕೂಡ ಬರುವುದಿಲ್ಲ. ಲೆನ್ಸ್ ಚೆನ್ನಾಗಿದೆ, ಕನ್ನಡಿ ಚೆನ್ನಾಗಿದೆ, ಶಟರ್ ಪರದೆಯಲ್ಲಿ ಒಂದು ತೂತಿಲ್ಲ. ಒಂದು ಕೊಕ್ಕೆ ಮುರಿದದ್ದಕ್ಕೆ ಇಡೀ ಕ್ಯಾಮೆರಾವನ್ನು ಮೂಲೆಗೆ ಹಾಕಬೇಕಾ?

ಬೇಡ. ಅದೇ ಅಳತೆಯ ಬಾಗಿಲನ್ನು ಈಗ ತ್ರೀಡಿ ಪ್ರಿಂಟರ್‌ನಲ್ಲಿ ಮಾಡಿಕೊಳ್ಳಬಹುದು. ಕೆಟ್ಟುಹೋದ ಇನ್ನೊಂದು ಎಇ-1 ಸಿಕ್ಕಿದರೆ ಅದರ ಬಾಗಿಲನ್ನು ಹಾಕಬಹುದು. ಹತ್ತು ನಿಮಿಷದ ಕೆಲಸ.

ಹಳೇ ಕ್ಯಾಮೆರಾಗಳಲ್ಲಿ ನಾನು ಜಾಸ್ತಿ ನೋಡಿದ ತೊಂದರೆ ಬೆಳಕು ಸೋರುವುದು. ಹಿಂದಿನ ಬಾಗಿಲಿನ ಅಂಚಿನ ಕಾಲುವೆಯಲ್ಲಿ ಕಪ್ಪು ಸ್ಪಂಜು ಇರುತ್ತದೆ. ಅದು ವರ್ಷಗಳಾದ ಮೇಲೆ ಕರಗಿ ಟಾರಿನ ಹಾಗೆ ಅಂಟಂಟಾಗುತ್ತದೆ. ಆಮೇಲೆ ಫೋಟೋಗಳ ಮೇಲೆ ಕಿತ್ತಳೆ ಬಣ್ಣದ ಪಟ್ಟೆ ಬೀಳುತ್ತದೆ. ಇದನ್ನು ಸರಿಮಾಡಲು ಒಂದು ಸ್ಕ್ರೂ ಕೂಡ ಬಿಚ್ಚಬೇಕಾಗಿಲ್ಲ. ಐಸೊಪ್ರೊಪೈಲ್ ಆಲ್ಕೊಹಾಲ್, ಹತ್ತಿ, ಮೊನೆ ಚೂಪು ಮಾಡಿದ ಮರದ ಕಡ್ಡಿ ಸಾಕು. ಚೂರುಗಳು ಶಟರ್ ಪರದೆಯ ಕಡೆ ಬೀಳದಂತೆ ಕ್ಯಾಮೆರಾವನ್ನು ಓರೆಯಾಗಿ ಹಿಡಿದು, ಕಾಲುವೆಯನ್ನು ತಾಳ್ಮೆಯಿಂದ ಕೆರೆದು ತೆಗೆಯಬೇಕು. ಆಮೇಲೆ ಹೊಸ ಸ್ಪಂಜಿನ ಪಟ್ಟಿ ಅಂಟಿಸಿದರೆ ಆಯಿತು. ಅಂಟಿನ ಮೇಲೆ ಚೂರು ನೀರು ಸವರಿಕೊಂಡರೆ ಪಟ್ಟಿಯನ್ನು ಜರುಗಿಸಿ ಸರಿಯಾಗಿ ಕೂರಿಸಲು ಸಮಯ ಸಿಗುತ್ತದೆ. ಕಾಲುವೆ ತೀರಾ ಸಪೂರವಾಗಿದ್ದರೆ ಕಪ್ಪು ಉಣ್ಣೆ ದಾರವೂ ನಡೆಯುತ್ತದೆ. ನಾನು ಹೀಗೆ ಸರಿಮಾಡಿದ ಮೊದಲ ಕ್ಯಾಮೆರಾದಲ್ಲಿ ತೆಗೆದ ರೋಲಿನ 36 ಫೋಟೋಗಳಲ್ಲಿ ಒಂದರ ಮೇಲೂ ಪಟ್ಟೆ ಇರಲಿಲ್ಲ. ಆ ನೆಗೆಟಿವ್ ಇನ್ನೂ ಜೋಪಾನವಾಗಿದೆ.

ಮರ್ಕ್ಯುರಿ ಬ್ಯಾಟರಿಯ ಕಥೆಯೂ ಹಾಗೇ. ಒಲಿಂಪಸ್ ಓಎಂ-1 ಕ್ಯಾಮೆರಾದ ಬೆಳಕು ಅಳೆಯುವ ಮೀಟರ್ ಮಾಡಿರುವುದು 1.35 ವೋಲ್ಟಿನ ಮರ್ಕ್ಯುರಿ ಬ್ಯಾಟರಿಗೆ. ಆ ಬ್ಯಾಟರಿ ಈಗ ಬರುವುದಿಲ್ಲ. 1.5 ವೋಲ್ಟಿನದನ್ನು ಹಾಕಿದರೆ ಮೀಟರ್ ತಪ್ಪು ಹೇಳುತ್ತದೆ. ಆದರೆ ಕ್ಯಾಮೆರಾ ಕೆಟ್ಟಿದೆ ಅಂತ ಅರ್ಥವಲ್ಲ. ಕಿವಿಯ ಯಂತ್ರಕ್ಕೆ ಹಾಕುವ ಝಿಂಕ್-ಏರ್ ಬ್ಯಾಟರಿಯನ್ನು ಒಂದು ಬಳೆಯೊಳಗೆ ಕೂರಿಸಿ ಹಾಕಿದರೆ ಮೀಟರ್ ಮತ್ತೆ ಹತ್ತಿರ ಹತ್ತಿರ ಸರಿಯಾಗಿ ತೋರಿಸುತ್ತದೆ.

ಇನ್ನೊಂದು ಮಾತಿದೆ, ಅದೇ ನನಗೆ ಮುಖ್ಯ. ಈ ಕ್ಯಾಮೆರಾಗಳನ್ನು ಮಾಡಿದ ಕಂಪನಿಗಳು ಬಿಡಿಭಾಗ ಕೊಡುವುದನ್ನು ಯಾವತ್ತೋ ನಿಲ್ಲಿಸಿವೆ. ಕೆಲಸ ಗೊತ್ತಿದ್ದ ಹಿರಿಯರು ಕಡಿಮೆಯಾಗುತ್ತಿದ್ದಾರೆ. ಮನೆಯಲ್ಲಿ ಕೂತು ಕಲಿಯುವವರು ಇಲ್ಲದಿದ್ದರೆ ಈ ವಿದ್ಯೆ ಯಾರ ಕೈಗೆ ಹೋಗಬೇಕು? ಪ್ರತಿ ಮೆಕ್ಯಾನಿಕ್ಕೂ ಒಂದು ದಿನ ಮೊದಲ ಸ್ಕ್ರೂ ಬಿಚ್ಚಿದವನೇ. ಕಲಿಯಲು ಒಳ್ಳೆ ಕ್ಯಾಮೆರಾ ಬೇಕಾಗಿಲ್ಲ. ಕೆಟ್ಟು ಸತ್ತುಹೋದ ಒಂದು ಕ್ಯಾಮೆರಾ ಬಾಡಿ, ಅಂದರೆ ಲೆನ್ಸ್ ಇಲ್ಲದ ಕ್ಯಾಮೆರಾ, ತನ್ನಿ. ಪ್ರತಿ ಹಂತಕ್ಕೂ ಫೋಟೋ ತೆಗೆದುಕೊಳ್ಳಿ. ತೆಗೆದ ಸ್ಕ್ರೂಗಳನ್ನು ತೆಗೆದ ಸಾಲಿನಲ್ಲೇ ಅಂಟಿನ ಪಟ್ಟಿಗೆ ಅಂಟಿಸಿಡಿ. ಮೂರನೇ ಸಲಕ್ಕೆ ಕೈ ನಡುಗುವುದು ನಿಲ್ಲುತ್ತದೆ.

ವಿರೋಧ: ಮುಟ್ಟದ ಕ್ಯಾಮೆರಾಕ್ಕೆ ಇನ್ನೂ ದಾರಿ ಇದೆ

ಸ್ಪಂಜು, ಬಾಗಿಲು, ಬ್ಯಾಟರಿ ಬಗ್ಗೆ ನನ್ನ ತಕರಾರಿಲ್ಲ. ಅವೆಲ್ಲ ಹೊರಗಿನ ಕೆಲಸ. ಆದರೆ ಅಲ್ಲಿಗೆ ಯಾರೂ ನಿಲ್ಲಿಸುವುದಿಲ್ಲ, ಅಲ್ವಾ? ಸ್ಪಂಜು ಸರಿಯಾಯಿತು ಅನ್ನುವ ಧೈರ್ಯದಲ್ಲಿ ಮೇಲಿನ ಮುಚ್ಚಳಕ್ಕೆ ಕೈ ಹಾಕುತ್ತೇವೆ.

ಮೊದಲ ಪೆಟ್ಟು ಬೀಳುವುದು ಸ್ಕ್ರೂಗೆ. ಜಪಾನಿನ ಕ್ಯಾಮೆರಾಗಳ ಸ್ಕ್ರೂ ತಲೆ ಫಿಲಿಪ್ಸ್, ಅಂದರೆ ಪ್ಲಸ್ ಗುರುತಿನ ಸ್ಕ್ರೂ ತರಹವೇ ಕಾಣುತ್ತದೆ, ಆದರೆ ಅದು ಜೆಐಎಸ್ ಅನ್ನುವ ಜಪಾನಿನದೇ ಅಳತೆಯದು. ಮನೆಯ ಫಿಲಿಪ್ಸ್ ಸ್ಕ್ರೂಡ್ರೈವರ್ ಅದರಲ್ಲಿ ಪೂರ್ತಿ ಕೂರುವುದಿಲ್ಲ. ಒತ್ತಿ ತಿರುಗಿಸಿದರೆ ಜಾರಿ ತಲೆ ಸವೆದುಹೋಗುತ್ತದೆ. ಕೆಲವು ಕ್ಯಾಮೆರಾಗಳಲ್ಲಿ ರೋಲ್ ಮುಂದೆ ಸರಿಸುವ ಲಿವರ್‌ನ ಸ್ಕ್ರೂ ಉಲ್ಟಾ ತಿರುಗುವಂಥದ್ದು. ಗೊತ್ತಿಲ್ಲದವರು ಬಿಚ್ಚುತ್ತಿದ್ದೇನೆ ಅಂದುಕೊಂಡು ಬಿಗಿ ಮಾಡುತ್ತಾ ಮುರಿದೇ ಬಿಡುತ್ತಾರೆ.

ಲೆನ್ಸ್ ವಿಷಯ ನನಗೆ ಚೆನ್ನಾಗಿ ಗೊತ್ತು. ಫೋಕಸ್ ಉಂಗುರ ಗಟ್ಟಿಯಾಗಿತ್ತು ಅಂತ ಒಂದು 50 ಎಂಎಂ ಲೆನ್ಸ್ ಬಿಚ್ಚಿದ್ದೆ. ಹಳೇ ಗ್ರೀಸ್ ಒಣಗಿತ್ತು, ತೊಳೆದು ಹೊಸದು ಹಚ್ಚಿದರೆ ಸಾಕಿತ್ತು. ಆದರೆ ಲೆನ್ಸ್ ಒಳಗೆ ಒಂದರೊಳಗೊಂದು ತಿರುಗಿ ಫೋಕಸ್ ಮಾಡುವ ಎರಡು ಕೊಳವೆಗಳ ನಡುವೆ ಇರುವುದು ಒಂದೇ ಥ್ರೆಡ್ (ಸ್ಕ್ರೂ ಮೇಲಿನಂಥ ಸುರುಳಿ ಗೆರೆ) ಅಲ್ಲ. ಒಂದರ ಪಕ್ಕ ಒಂದು ಹಲವು ಥ್ರೆಡ್‌ಗಳು ಶುರುವಾಗುತ್ತವೆ. ಯಾವ ಜಾಗದಲ್ಲಿ ಬೇರೆಯಾಯಿತೋ ಅದೇ ಜಾಗದಲ್ಲಿ ಮತ್ತೆ ಸೇರಬೇಕು. ನಾನು ಗುರುತು ಹಾಕಿಕೊಂಡಿರಲಿಲ್ಲ. ಎರಡು ಸಂಜೆ ಒಂದೊಂದೇ ಜಾಗದಲ್ಲಿ ಕೂರಿಸಿ ನೋಡಿದೆ. ಉಂಗುರ ಬೆಣ್ಣೆಯ ಹಾಗೆ ತಿರುಗುತ್ತಿತ್ತು, ದೂರದ ಬೆಟ್ಟ ಮಾತ್ರ ಸ್ಪಷ್ಟವಾಗಲೇ ಇಲ್ಲ. ಐವತ್ತು ವರ್ಷ ಸರಿಯಾಗಿದ್ದ ಲೆನ್ಸ್ ನನ್ನ ಕೈಯಲ್ಲಿ ಕೆಟ್ಟಿತು. ಆ ಬೇಸರ ಇನ್ನೂ ಹೋಗಿಲ್ಲ.

ಕ್ಯಾಮೆರಾದ ಅಳತೆಗಳು ಅಷ್ಟು ಸೂಕ್ಷ್ಮ. ಪೆಂಟ್ಯಾಕ್ಸ್ ಕ್ಯಾಮೆರಾಗಳಲ್ಲಿ ಲೆನ್ಸ್ ಸಿಕ್ಕಿಸುವ ಕೆ ಮೌಂಟ್ ಅನ್ನುವ ಜೋಡಣೆಯಲ್ಲಿ, ಲೆನ್ಸ್ ಕೂರುವ ಬಳೆಯಿಂದ ಫಿಲ್ಮ್‌ಗೆ ಇರಬೇಕಾದ ದೂರ 45.46 ಎಂಎಂ. ಬಳೆಯ ಕೆಳಗೆ ಕಾಗದದಷ್ಟು ತೆಳುವಾದ ಲೋಹದ ಬಿಲ್ಲೆಗಳನ್ನು ಇಟ್ಟು ಕಾರ್ಖಾನೆಯವರು ಆ ದೂರ ಹೊಂದಿಸಿರುತ್ತಾರೆ. ಒಂದು ಬಿಲ್ಲೆ ಕಳೆದುಹೋದರೆ ಕಣ್ಣಿಗೆ ಸರಿ ಕಂಡದ್ದು ಫಿಲ್ಮ್ ಮೇಲೆ ಮಸುಕಾಗುತ್ತದೆ. ರೋಲ್ ತೊಳೆಸುವ ತನಕ ಅದು ಗೊತ್ತೇ ಆಗುವುದಿಲ್ಲ. ಎಣ್ಣೆಯೂ ಹಾಗೆಯೇ. ಶಟರ್ ಒತ್ತಿದಾಗ ಎಇ-1 ಕೀರಲು ಸದ್ದು ಮಾಡುವುದು ಕನ್ನಡಿಯ ಗಿಯರ್ ಒಣಗಿದ್ದರಿಂದ. ಒಂದು ಹನಿ ಎಣ್ಣೆ ಸಾಕು ಅನ್ನುತ್ತಾರೆ. ಆ ಹನಿ ಸರಿಯಾದ ಜಾಗಕ್ಕೇ ಬೀಳಬೇಕು. ಜಾಸ್ತಿಯಾಗಿ ಶಟರನ್ನು ಹಿಡಿದು ಬಿಡುವ ಮ್ಯಾಗ್ನೆಟ್ ಕಡೆ ಹರಿದರೆ ಶಟರ್ ಅಂಟಿಕೊಳ್ಳಲು ಶುರುವಾಗುತ್ತದೆ. ಸದ್ದು ಹೋಗಿ ದೊಡ್ಡ ರೋಗ ಬಂದ ಹಾಗೆ.

ಒಳಗೇ ಫ್ಲ್ಯಾಶ್ ಇರುವ ಚಿಕ್ಕ ಕ್ಯಾಮೆರಾಗಳನ್ನಂತೂ ಬಿಚ್ಚಲೇಬೇಡಿ. ಫ್ಲ್ಯಾಶ್‌ಗಾಗಿ ಕರೆಂಟು ಕೂಡಿಸಿಡುವ ಕೆಪಾಸಿಟರ್ ಅನ್ನುವ ಭಾಗದಲ್ಲಿ ಸುಮಾರು 300 ವೋಲ್ಟ್ ಕರೆಂಟು ಕೂತಿರುತ್ತದೆ. ಬ್ಯಾಟರಿ ತೆಗೆದ ಮೇಲೂ ಅದು ಉಳಿದಿರುತ್ತದೆ. ಕಲಿಯಲು ಸತ್ತ ಬಾಡಿ ತನ್ನಿ ಅನ್ನುವ ಮಾತು ಒಳ್ಳೆಯದೇ, ಆದರೆ ಅದು ಇಂಥ ಕ್ಯಾಮೆರಾ ಆಗಬಾರದು.

ಹಿರಿಯ ಮೆಕ್ಯಾನಿಕ್‌ಗಳು ಕಡಿಮೆಯಾಗುತ್ತಿದ್ದಾರೆ ಅನ್ನುವುದು ನಿಜ. ಆ ಕಾರಣಕ್ಕೇ ನಾನು ಬೇಡ ಅನ್ನುತ್ತೇನೆ. ಉಳಿದಿರುವ ಕೆಲವರ ಹತ್ತಿರ ಹೋದಾಗ ಕ್ಯಾಮೆರಾ ಇಡಿಯಾಗಿ ಇರಬೇಕು. ಅರ್ಧ ಬಿಚ್ಚಿ ಸ್ಕ್ರೂಗಳನ್ನು ಪೊಟ್ಟಣದಲ್ಲಿ ಕಟ್ಟಿಕೊಂಡು ಹೋದರೆ ಎಷ್ಟೋ ಜನ ಮುಟ್ಟುವುದೇ ಇಲ್ಲ. ಮೊದಲಿದ್ದ ತೊಂದರೆ ಯಾವುದು, ನಾವು ಮಾಡಿದ್ದು ಯಾವುದು ಅಂತ ಅವರಿಗೂ ತಿಳಿಯುವುದಿಲ್ಲ. ಕ್ಯಾಮೆರಾ ನಿಂತ ದಿನ ಬ್ಯಾಟರಿ ತೆಗೆದಿಡಿ. ಒಂದು ಚೀಟಿಯಲ್ಲಿ ಏನಾಯಿತು ಅಂತ ಬರೆಯಿರಿ: ಯಾವ ಶಟರ್ ವೇಗದಲ್ಲಿ ನಿಂತಿತು, ಲಿವರ್ ಎಲ್ಲಿ ಸಿಕ್ಕಿಕೊಂಡಿತು, ಕನ್ನಡಿ ಮೇಲಿದೆಯೋ ಕೆಳಗಿದೆಯೋ. ಚೀಟಿಯನ್ನು ಕ್ಯಾಮೆರಾದ ಬೆಲ್ಟಿಗೆ ಕಟ್ಟಿಬಿಡಿ.