ಮನೆ ಕಟ್ಟುವ ಕಂಪನಿಗಳು ಕೈ ಜೋಡಿಸಬೇಕೇ?

ಪರಿಸರಕ್ಕೆ ಹೊರೆಯಾಗದ ಮನೆ, ಸೈಟಿನ ಸುರಕ್ಷತೆ, ಕೆಲಸಗಾರರ ತರಬೇತಿ. ಈ ಮೂರರಲ್ಲಿ ಬಿಲ್ಡರ್‌ಗಳು ಪೈಪೋಟಿ ಬಿಟ್ಟು ಒಟ್ಟಾಗಬೇಕೇ? ಇಬ್ಬರು ಬರೆದಿದ್ದಾರೆ.

ಪರ: ಒಂದು ಮಾತು ಬೇಲಿ ದಾಟಿದ್ದರೆ

ಪಾಯದ ಗುಂಡಿಯ ಅಂಚಿನಲ್ಲಿ ಅಗೆದ ಮಣ್ಣನ್ನು ರಾಶಿ ಹಾಕಬಾರದು. ಸೈಟಿನಲ್ಲಿ ಕೆಲಸ ಮಾಡಿದವರಿಗೆಲ್ಲ ಇದು ಗೊತ್ತು. ಗೊತ್ತಿದ್ದೂ ಹಾಕುತ್ತಾರೆ. ನಾನೂ ಹಾಕಿಸಿದ್ದೆ.

ಆಗ ನಾನು ಸೂಪರ್‌ವೈಸರ್ ಆಗಿ ಆರು ವರ್ಷ ಆಗಿತ್ತು. ನಮ್ಮ ಬೇಲಿಯ ಆಚೆ ಇನ್ನೊಂದು ಕಂಪನಿಯ ಸೈಟು. ಒಂದೇ ಮಣ್ಣು, ಒಂದೇ ಮಳೆ. ಒಂದು ದಿನ ಅಲ್ಲಿ ಇದ್ದಕ್ಕಿದ್ದಂತೆ ಕೆಲಸ ನಿಂತಿತು. ತಗಡಿನ ಶೀಟು ಅಡ್ಡ ಕಟ್ಟಿದರು. ಯಾಕಪ್ಪಾ ಅಂತ ಕೇಳಿದರೆ ವಾಚ್‌ಮನ್ ತಲೆ ತಗ್ಗಿಸಿದ. ನಮಗ್ಯಾಕೆ ಅಂತ ನಾನೂ ಸುಮ್ಮನಾದೆ.

ಮೂರು ವಾರಕ್ಕೆ ನಮ್ಮ ಗುಂಡಿಯ ಒಂದು ಬದಿ ಜಾರಿತು. ಕೆಳಗೆ ಕಂಬಿ ಕಟ್ಟುತ್ತಿದ್ದ ಹುಡುಗ ಎದೆಯವರೆಗೆ ಹೂತುಹೋದ. ಒಂದು ಘನ ಮೀಟರ್ ಮಣ್ಣು ಸುಮಾರು ಒಂದೂವರೆ ಟನ್ ತೂಗುತ್ತದೆ. ಕುತ್ತಿಗೆ ಮೇಲಿದ್ದರೂ ಉಸಿರು ಎಳೆಯುವುದು ಕಷ್ಟ. ಎದೆ ಹಿಗ್ಗಲು ಜಾಗ ಸಾಲುವುದಿಲ್ಲ. ಸಲಿಕೆ ಹಾಕಿದರೆ ಅವನಿಗೇ ತಗಲುತ್ತದೆ ಅಂತ ಕೈಯಲ್ಲೇ ತೋಡಿದೆವು. ನಲವತ್ತು ನಿಮಿಷ. ಬದುಕಿದ. ಎಡಗಾಲು ಮಾತ್ರ ಮೊದಲಿನ ಹಾಗೆ ಆಗಲಿಲ್ಲ.

ಆಮೇಲೆ ಗೊತ್ತಾಯಿತು. ಪಕ್ಕದ ಸೈಟಿನಲ್ಲೂ ಆದದ್ದು ಅದೇ. ಅದೇ ಆಳದಲ್ಲಿ, ಅದೇ ಜೇಡಿ ಮಣ್ಣಿನ ಪದರ ಜಾರಿತ್ತು. ಊಟದ ಹೊತ್ತು, ಗುಂಡಿಯಲ್ಲಿ ಯಾರೂ ಇರಲಿಲ್ಲ. ‘ಹೊರಗೆ ಬಾಯಿ ಬಿಡಬೇಡಿ, ಬುಕಿಂಗ್‌ಗೆ ಪೆಟ್ಟು ಬೀಳುತ್ತೆ’ ಅಂತ ಮೇಲಿನವರು ಹೇಳಿದ್ದರಂತೆ. ಒಂದು ಮಾತು ಬೇಲಿ ದಾಟಿದ್ದರೆ ನಾನು ಅವತ್ತೇ ರಾಶಿ ತೆಗೆಸಿ, ಬದಿಗೆ ಹಲಗೆ ಕೊಟ್ಟು ಆಸರೆ ನಿಲ್ಲಿಸುತ್ತಿದ್ದೆ. ಆ ಹುಡುಗನ ಕಾಲು ಉಳಿಯುತ್ತಿತ್ತು.

ವಿಮಾನದವರು ಈ ಪಾಠವನ್ನು ಎಂದೋ ಕಲಿತರು. ಅಮೆರಿಕದಲ್ಲಿ ನಾಸಾ 1976ರಿಂದ ಒಂದು ವ್ಯವಸ್ಥೆ ನಡೆಸುತ್ತಿದೆ. ಪೈಲಟ್ ತನ್ನದೇ ತಪ್ಪನ್ನು, ಸ್ವಲ್ಪದರಲ್ಲಿ ತಪ್ಪಿದ ಅಪಾಯವನ್ನು ಬರೆದು ಕಳಿಸಬಹುದು. ಹೆಸರು ತೆಗೆದು ಎಲ್ಲರಿಗೂ ಹಂಚುತ್ತಾರೆ. ಕಟ್ಟಡಗಳಿಗಾಗಿ ಬ್ರಿಟನ್ನಿನಲ್ಲಿ ಕ್ರಾಸ್ ಎಂಬ ಇಂಥದೇ ವ್ಯವಸ್ಥೆ 2005ರಿಂದ ಇದೆ. ಟಿಕೆಟ್ ಮಾರುವಾಗ ಕಚ್ಚಾಡುವ ವಿಮಾನ ಕಂಪನಿಗಳೇ ಸಾವಿನ ವಿಷಯದಲ್ಲಿ ಮಾತಾಡಿಕೊಳ್ಳುತ್ತವೆ. ಮನೆ ಕಟ್ಟುವ ನಮಗೆ ಯಾಕೆ ಆಗುವುದಿಲ್ಲ?

ತರಬೇತಿಯ ಕಥೆಯೂ ಇದೇ. ನಾನು ಒಬ್ಬ ಹುಡುಗನಿಗೆ ಎರಡು ವರ್ಷ ಕೂತು ಕಲಿಸುತ್ತೇನೆ. ಅವನ ಕೈ ಪಳಗುವ ಹೊತ್ತಿಗೆ ಪಕ್ಕದವರು ಸ್ವಲ್ಪ ಜಾಸ್ತಿ ಕೂಲಿ ಕೊಟ್ಟು ಕರೆದುಕೊಳ್ಳುತ್ತಾರೆ. ಹುಡುಗನದೇನೂ ತಪ್ಪಿಲ್ಲ. ಆದರೆ ಮುಂದಿನ ಸಲ ಯಾವ ಕಂಪನಿಯೂ ಕಲಿಸುವ ಖರ್ಚಿಗೆ ಕೈ ಹಾಕುವುದಿಲ್ಲ. ಎಲ್ಲರಿಗೂ ಕಲಿತವರು ಬೇಕು, ಕಲಿಸುವವರು ಯಾರೂ ಇಲ್ಲ. ಬ್ರಿಟನ್ 1964ರಲ್ಲಿ ಇದಕ್ಕೊಂದು ದಾರಿ ಹುಡುಕಿತು. ಕಟ್ಟಡ ಕಂಪನಿಗಳೆಲ್ಲ ಒಂದೇ ಹುಂಡಿಗೆ ಶುಲ್ಕ ಹಾಕಬೇಕು. ಕಲಿಸಿದವರಿಗೆ ಅದರಿಂದ ನೆರವು. ಹುಡುಗ ಯಾರ ಹತ್ತಿರ ಹೋದರೂ ನಷ್ಟವಿಲ್ಲ.

ಹಸಿರು ಮನೆ ಅಂತೀರಲ್ಲ, ಅದು ನಿಲ್ಲುವುದೂ ಈ ಕೈಗಳ ಮೇಲೆಯೇ. ಬಿಸಿ ತಡೆಯುವ ಪದರವನ್ನು ನಕ್ಷೆಯಲ್ಲಿ ಚೆನ್ನಾಗಿ ಬರೆದಿರುತ್ತಾರೆ. ಸೈಟಿನಲ್ಲಿ ಎರಡು ಹಾಳೆಗಳ ನಡುವೆ ಬೆರಳಗಲ ಸಂದಿ ಬಿಟ್ಟರೆ ಬಿಸಿ ಅಲ್ಲಿಂದಲೇ ನುಗ್ಗುತ್ತದೆ. ಗಾಳಿ ಸೋರದಂತೆ ಮನೆಯನ್ನು ಮುಚ್ಚಿ, ಗಾಳಿ ಆಡುವ ದಾರಿ ಮರೆತರೆ ಗೋಡೆಗೆ ಬೂಷ್ಟು. ಇದನ್ನು ಒಂದು ಕಂಪನಿ ತಪ್ಪು ಮಾಡಿ ಕಲಿಯುತ್ತದೆ. ಪಕ್ಕದ ಕಂಪನಿ ಅದೇ ತಪ್ಪನ್ನು ಮೊದಲಿಂದ ಮಾಡುತ್ತದೆ. ಪ್ರತಿ ಸಲವೂ ಆ ತಪ್ಪಿನೊಳಗೆ ಒಂದು ಸಂಸಾರ ವಾಸ ಮಾಡುತ್ತದೆ.

ಕೂಡಿ ಮಾಡಿದರೆ ಏನಾಗಬಹುದು ಎಂಬುದಕ್ಕೆ ಸಿಮೆಂಟೇ ಸಾಕ್ಷಿ. ಜಗತ್ತಿನ ಇಂಗಾಲದ ಡೈಆಕ್ಸೈಡ್‌ನಲ್ಲಿ ಸುಮಾರು 7ರಿಂದ 8 ಶೇಕಡಾ ಸಿಮೆಂಟ್ ತಯಾರಿಕೆಯದು. ಎಲ್‌ಸಿ3 ಎಂಬ ಸಿಮೆಂಟಿನಲ್ಲಿ, ಸುಣ್ಣದ ಕಲ್ಲನ್ನು ಭಾರಿ ಬಿಸಿಯಲ್ಲಿ ಸುಟ್ಟು ಮಾಡುವ ಕ್ಲಿಂಕರ್‌ನ ಅರ್ಧದಷ್ಟನ್ನು ಕಡಿಮೆ ಮಾಡಿ, ಸುಟ್ಟ ಜೇಡಿಮಣ್ಣು ಮತ್ತು ಸುಣ್ಣದ ಕಲ್ಲಿನ ಪುಡಿ ಸೇರಿಸುತ್ತಾರೆ. ಇಂಗಾಲದ ಡೈಆಕ್ಸೈಡ್ ಶೇಕಡಾ 40ರವರೆಗೆ ತಗ್ಗುತ್ತದೆ. ಸ್ವಿಟ್ಜರ್ಲೆಂಡ್, ಕ್ಯೂಬಾ, ಭಾರತದ ಸಂಶೋಧಕರು ಕೂಡಿ ಮಾಡಿದ್ದು ಇದು.

ಬಿಲ್ಡರ್‌ಗಳು ಒಟ್ಟಿಗೆ ಕೂತರೆ ಮನೆ ಬೆಲೆ ಏರಿಸುತ್ತಾರೆ ಅನ್ನುವವರಿದ್ದಾರೆ. ಗುಂಡಿ ಕುಸಿದ ಸುದ್ದಿ ಹೇಳಿದರೆ ಬೆಲೆ ಹೇಗೆ ಏರುತ್ತದೆ, ಅವರೇ ಹೇಳಲಿ.

ಆ ಹುಡುಗ ಈಗ ನಮ್ಮ ಸ್ಟೋರ್ ನೋಡಿಕೊಳ್ಳುತ್ತಾನೆ. ಹೊಸಬರು ಬಂದರೆ ಗುಂಡಿಗೆ ಇಳಿಸುವ ಮೊದಲು ಅವನ ಹತ್ತಿರ ಕಳಿಸುತ್ತೇನೆ. ಅವನೇ ಕೂರಿಸಿಕೊಂಡು ಎಲ್ಲ ಹೇಳುತ್ತಾನೆ. ಬೇಲಿಯ ಆಚೆಯವರಿಗೆ ಹೇಳಲು ಮಾತ್ರ ಇವತ್ತಿಗೂ ನಮಗೆ ಅನುಮತಿ ಇಲ್ಲ.

ವಿರೋಧ: ಮುಚ್ಚಿದ ಬಾಗಿಲ ಹಿಂದೆ ಬೇಡ

ವಿರೋಧದ ಕಡೆಯಿಂದ ಬರೆಯಿರಿ ಎಂದು ನನ್ನನ್ನು ಕೇಳಿದರು. ಅಪಘಾತದ ವಿಷಯ ಮುಚ್ಚಿಡಬೇಕು ಅಂತ ನಾನು ಬರೆಯಲಾರೆ, ಹಾಗೆ ನನಗೆ ಅನಿಸುವುದೂ ಇಲ್ಲ. ಆದರೆ ಪಕ್ಕದ ಸೈಟಿಗೆ ಎಚ್ಚರಿಕೆ ಕೊಡಲು ಒಕ್ಕೂಟ ಬೇಕಿಲ್ಲ, ಒಂದು ಫೋನ್ ಸಾಕು. ಒಕ್ಕೂಟ ಕಟ್ಟಿದ ಮೇಲೆ ಅಲ್ಲಿ ಏನೇನು ಮಾತಾಗುತ್ತದೆ ಎಂಬುದು ನನ್ನ ಚಿಂತೆ.

ಕಾರು ಕಂಪನಿಗಳನ್ನು ನೋಡಿ. ಡೈಮ್ಲರ್, ಬಿಎಂಡಬ್ಲ್ಯೂ, ಫೋಕ್ಸ್‌ವ್ಯಾಗನ್ ಕಂಪನಿಗಳು ಡೀಸೆಲ್ ಹೊಗೆ ಶುದ್ಧ ಮಾಡುವ ತಂತ್ರದ ಬಗ್ಗೆ ಸಭೆ ಸೇರುತ್ತಿದ್ದವು. ಕಾನೂನು ಕೇಳಿದ್ದಕ್ಕಿಂತ ಚೆನ್ನಾಗಿ ಹೊಗೆ ತೊಳೆಯುವ ಶಕ್ತಿ ಅವರಲ್ಲಿತ್ತು. ಅದರಲ್ಲಿ ಪೈಪೋಟಿ ಬೇಡ ಅಂತ ಅಲ್ಲೇ ಮಾತಾಡಿಕೊಂಡರು. 2021ರಲ್ಲಿ ಯುರೋಪಿಯನ್ ಕಮಿಷನ್ 87.5 ಕೋಟಿ ಯೂರೋ ದಂಡ ಹಾಕಿತು. ವಿಷಯ ಮೊದಲು ತಿಳಿಸಿದ ಡೈಮ್ಲರ್‌ಗೆ ಮಾತ್ರ ದಂಡವಿಲ್ಲ.

ಮನೆ ಕಟ್ಟುವವರದೂ ಉದಾಹರಣೆ ಇದೆ. ಬ್ರಿಟನ್ನಿನ ದೊಡ್ಡ ಬಿಲ್ಡರ್‌ಗಳು ಮಾರಾಟದ ಮಾಹಿತಿಯನ್ನು ತಮ್ಮೊಳಗೆ ಹಂಚಿಕೊಂಡರೇ ಎಂದು 2024ರಲ್ಲಿ ತನಿಖೆ ಶುರುವಾಯಿತು. ಮರುವರ್ಷ 7 ಕಂಪನಿಗಳು, ತಪ್ಪು ಒಪ್ಪಿಕೊಳ್ಳದೆ, 10 ಕೋಟಿ ಪೌಂಡ್ ಕೊಡಲು ಮುಂದೆ ಬಂದವು.

ನಾನು ಆರ್ಕಿಟೆಕ್ಟ್. ಒಮ್ಮೆ, ಕಂಪನಿಗಳು ಕೂಡಿ ಮನೆಗಳಿಗೆ ನಿಯಮ ಬರೆಯುವ ಒಂದು ಸಮಿತಿಯಲ್ಲಿ ಕೂತಿದ್ದೆ. ಬಿಸಿಲು ಬೀಳುವ ಕಿಟಕಿಗೆ ಹೊರಗಡೆ ನೆರಳು ಕಡ್ಡಾಯ ಎಂದು ಮೊದಲ ಕರಡಿನಲ್ಲಿ ಬರೆದೆವು. ಕಾರಣ ಸರಳ. ಒಳಗಿನ ಪರದೆ ಬಿಸಿಲನ್ನು ತಡೆಯುವ ಹೊತ್ತಿಗೆ ಅದು ಗಾಜು ದಾಟಿ ಬಂದಿರುತ್ತದೆ. ಬಿಸಿ ಕೋಣೆಯೊಳಗೇ ಉಳಿಯುತ್ತದೆ. ಹೊರಗೆ ಸಜ್ಜ ಇದ್ದರೆ ಬಿಸಿಲು ಗಾಜನ್ನು ಮುಟ್ಟುವುದೇ ಕಡಿಮೆ. ಇದನ್ನು ಸಮಿತಿಯಲ್ಲಿ ಯಾರೂ ಅಲ್ಲಗಳೆಯಲಿಲ್ಲ. ಆದರೆ ಸಭೆಯಿಂದ ಸಭೆಗೆ ‘ಕಡ್ಡಾಯ’ ಹೋಗಿ ‘ಒಳ್ಳೆಯದು’ ಆಯಿತು, ‘ಒಳ್ಳೆಯದು’ ಹೋಗಿ ‘ಸಾಧ್ಯವಿದ್ದಲ್ಲಿ’ ಆಯಿತು. ಎಲ್ಲರೂ ಒಪ್ಪಬೇಕು ಅಂದಾಗ ಎಲ್ಲಕ್ಕಿಂತ ಹಿಂದೆ ಇದ್ದವರ ಮಾತೇ ನಡೆಯುತ್ತದೆ. ನನಗೆ ತುಂಬ ಬೇಸರವಾಗಿತ್ತು.

ಇನ್ನು, ಆ ಮೇಜಿನ ಸುತ್ತ ಕೂರುವವರು ಯಾರು? ಹತ್ತು ಜನರ ತಂಡ ಕಟ್ಟಿಕೊಂಡ ಮೇಸ್ತ್ರಿ ಸಭೆಗೆ ಹೋದರೆ ಅವತ್ತಿನ ಕಾಂಕ್ರೀಟ್ ನೋಡುವವರಿಲ್ಲ. ಅವನಿಲ್ಲದೆ ಮಾಡಿದ ನಿಯಮವನ್ನು ಅವನೇ ಪಾಲಿಸಬೇಕು.

ಲಂಡನ್ನಿನ ಗ್ರೆನ್‌ಫೆಲ್ ಟವರ್‌ಗೆ 2017ರಲ್ಲಿ ಬೆಂಕಿ ಬಿದ್ದು 72 ಜನ ಸತ್ತರು. ಗೋಡೆಯ ಹೊದಿಕೆ ಮತ್ತು ಶಾಖ ತಡೆಯುವ ಪದರ ತಯಾರಿಸಿದ ಕಂಪನಿಗಳು ಬೆಂಕಿ ಪರೀಕ್ಷೆಯ ವಿಷಯದಲ್ಲಿ ಬೇಕೆಂದೇ ದಾರಿ ತಪ್ಪಿಸಿದವು ಎಂದು 2024ರ ಅಂತಿಮ ವರದಿ ಹೇಳಿತು. ಉದ್ಯಮದವರು ಇನ್ನಷ್ಟು ಸಲ ಒಟ್ಟಿಗೆ ಕೂತಿದ್ದರೆ ಆ ಜನ ಉಳಿಯುತ್ತಿದ್ದರು ಅಂತ ನನಗೆ ಅನಿಸುವುದಿಲ್ಲ. ಹೊರಗಿನವರ ಕಣ್ಣು ಬೇಕಿತ್ತು, ಆ ಕಣ್ಣಿಗೆ ಅಧಿಕಾರ ಬೇಕಿತ್ತು.

ತರಬೇತಿಗೆ ಎಲ್ಲರೂ ಹಣ ಹಾಕಬೇಕು ಎನ್ನುವುದು ಸರಿ. ಅದನ್ನು ಕಾನೂನು ಮಾಡಲಿ. ಕುಸಿತ ಆದ ಕೂಡಲೇ ವರದಿ ಕೊಡಬೇಕು, ಅದು ಎಲ್ಲ ಸೈಟುಗಳಿಗೂ ತಲುಪಬೇಕು. ಅದನ್ನೂ ಕಾನೂನು ಮಾಡಲಿ. ಅಷ್ಟಾದರೆ ಈ ವಿಷಯದಲ್ಲಿ ವಿರೋಧ ಬರೆಯಲು ನನ್ನ ಹತ್ತಿರ ಹೆಚ್ಚೇನೂ ಉಳಿಯುವುದಿಲ್ಲ.