ನಿಷೇಧಕ್ಕೆ ಮೊದಲು ಭೂಮಿ ಕೊಡಿಸಿದ ಡಾಕ್ಟರಮ್ಮ

ಚಿಕ್ಕಮ್ಮನನ್ನು ಚಿಕಿತ್ಸೆಗೆಂದು ಬಳ್ಳಾರಿಯಿಂದ ಚೆನ್ನೈಗೆ ಕರೆದುಕೊಂಡು ಹೋಗಿದ್ದಾಗ ಅಡ್ಯಾರಿನ ಕ್ಯಾನ್ಸರ್ ಆಸ್ಪತ್ರೆಯ ಮೊಗಸಾಲೆಯಲ್ಲಿ ಇಡೀ ದಿನ ಕುಳಿತಿದ್ದೆ. ಡಾ. ಮುತ್ತುಲಕ್ಷ್ಮಿ ರೆಡ್ಡಿ ಅವರನ್ನು ಕುರಿತು ಓದಲು ಶುರುಮಾಡಿದ್ದು ಆಗಲೇ. ತಂಗಿ ಕ್ಯಾನ್ಸರ್‌ನಿಂದ ನರಳಿ ಸತ್ತದ್ದನ್ನು ಕಂಡ ಈ ವೈದ್ಯೆ, ಮೂರು ದಶಕ ಬೆನ್ನು ಹತ್ತಿ 1954ರಲ್ಲಿ ಹನ್ನೆರಡು ಹಾಸಿಗೆಗಳೊಂದಿಗೆ ಆ ಆಸ್ಪತ್ರೆಯನ್ನು ತೆರೆಸಿದರು.

ಬ್ರಿಟಿಷ್ ಭಾರತದ ಮೊದಲ ಶಾಸಕಿ ಎಂದು ಅವರನ್ನು ನೆನೆಯುತ್ತೇವೆ. ಆ ಹೆಗ್ಗಳಿಕೆಗಿಂತ ನನಗೆ ದೊಡ್ಡದಾಗಿ ಕಾಣುವುದು ಅವರು ಆ ಕುರ್ಚಿಯಲ್ಲಿ ಕುಳಿತು ಮಾಡಿದ ಕೆಲಸ.

1886ರಲ್ಲಿ ಪುದುಕ್ಕೋಟ್ಟೈಯಲ್ಲಿ ಹುಟ್ಟಿದವರು. ತಂದೆ ನಾರಾಯಣಸ್ವಾಮಿ ಅಯ್ಯರ್ ಮಹಾರಾಜಾ ಕಾಲೇಜಿನ ಪ್ರಾಂಶುಪಾಲರು, ತಾಯಿ ಚಂದ್ರಮ್ಮಾಳ್ ದೇವದಾಸಿ ಮನೆತನದವರು. ಹುಡುಗರ ಕಾಲೇಜಿಗೆ ಈ ಹುಡುಗಿ ಬರಕೂಡದೆಂದು ವಿರೋಧ ಎದ್ದಾಗ ಸಂಸ್ಥಾನದ ರಾಜರೇ ಪ್ರವೇಶ ಕೊಡಿಸಿದರು. 1912ರಲ್ಲಿ ಮದ್ರಾಸ್ ವೈದ್ಯಕೀಯ ಕಾಲೇಜಿನಿಂದ ಪದವಿ. ಮಹಿಳಾ ಸಂಘಟನೆಯವರು ಮದ್ರಾಸ್ ಶಾಸನ ಪರಿಷತ್ತಿಗೆ ಹೆಸರು ಸೂಚಿಸಿದಾಗ, ರೋಗಿಗಳನ್ನು ನೋಡುವುದಕ್ಕೆ ಅಡ್ಡಿಯಾದೀತೆಂದು ಹಿಂಜರಿದಿದ್ದರು. ಒಳಹೊಕ್ಕ ಮೇಲೆ ಸಭೆ ಅವರನ್ನು ಅವಿರೋಧವಾಗಿ ಉಪಾಧ್ಯಕ್ಷೆಯನ್ನಾಗಿ ಆರಿಸಿತು.

ಆಗ ಬಳ್ಳಾರಿಯೂ ದಕ್ಷಿಣ ಕನ್ನಡವೂ ಮದ್ರಾಸ್ ಪ್ರಾಂತ್ಯದ ಜಿಲ್ಲೆಗಳು. ಅವರು ಮಾತನಾಡಿದ ಸಭೆ ನಮ್ಮ ಅಜ್ಜಿಯರನ್ನೂ ಆಳುತ್ತಿದ್ದ ಸಭೆ.

ದೇವದಾಸಿ ಪದ್ಧತಿಯನ್ನು ವಿರೋಧಿಸಿದರು ಎಂದಷ್ಟೇ ಹೇಳಿದರೆ ಅವರ ವಿವೇಕ ಮರೆಯಾಗುತ್ತದೆ. ದೇವಸ್ಥಾನದ ಸೇವೆ ಬಿಟ್ಟರೆ ಆ ಸೇವೆಗೆಂದು ಕೊಟ್ಟ ಇನಾಮು ಭೂಮಿಯೂ ಕೈಬಿಡುತ್ತದೆ ಎಂಬುದೇ ಎಷ್ಟೋ ಹೆಣ್ಣುಮಕ್ಕಳನ್ನು ಕಟ್ಟಿಹಾಕಿದ್ದ ಹಗ್ಗ. ಅವರು ಮೊದಲು ಆ ಹಗ್ಗವನ್ನು ಕತ್ತರಿಸಿದರು. ಸೇವೆಯ ಕರಾರಿನಿಂದ ಇನಾಮು ಭೂಮಿಯನ್ನು ಬಿಡಿಸುವ ತಿದ್ದುಪಡಿ 1929ರಲ್ಲಿ ಜಾರಿಗೆ ಬಂತು. ಹೆಣ್ಣುಮಕ್ಕಳನ್ನು ದೇವರಿಗೆ ಬಿಡುವುದನ್ನೇ ನಿಷೇಧಿಸುವ ಮಸೂದೆ ಆಮೇಲಿನದು. 1930ರಲ್ಲಿ ಗಾಂಧೀಜಿಯವರ ಬಂಧನವನ್ನು ಪ್ರತಿಭಟಿಸಿ ರಾಜೀನಾಮೆ ಕೊಟ್ಟು ಹೊರಬಂದರು. ನಿಷೇಧ ಕಾನೂನಾಗಲು 1947 ಬರಬೇಕಾಯಿತು.

ಆ ಮಸೂದೆಗೆ ಎದುರು ನಿಂತವರಲ್ಲಿ ನಮ್ಮವರೊಬ್ಬರಿದ್ದರು: ನಂಜನಗೂಡಿನಲ್ಲಿ ಹುಟ್ಟಿದ, ತಿರುವೈಯಾರಿನಲ್ಲಿ ತ್ಯಾಗರಾಜರ ಸಮಾಧಿ ಮಂದಿರ ಕಟ್ಟಿಸಿದ, ದೇವದಾಸಿ ಸಮುದಾಯದ ಗಾಯಕಿ ಬೆಂಗಳೂರು ನಾಗರತ್ನಮ್ಮ. ಇಡೀ ಸಮುದಾಯಕ್ಕೆ ವೇಶ್ಯೆಯರೆಂಬ ಹಣೆಪಟ್ಟಿ ಹಚ್ಚುವುದು ಅವರಿಗೆ ಸಹನೆಯಾಗಲಿಲ್ಲ. ಸಂಗೀತ, ಸಾಹಿತ್ಯ, ಸ್ವಂತ ಆಸ್ತಿ ಎಲ್ಲವನ್ನೂ ದುಡಿದು ಗಳಿಸಿದ್ದ ಹೆಣ್ಣಿನ ಆ ಸಿಟ್ಟಿಗೆ ನಾನು ತಲೆಬಾಗುತ್ತೇನೆ. ಸುಧಾರಕರ ಮಾತಿನಲ್ಲಿ ಮಡಿವಂತಿಕೆಯೂ ಬೆರೆತಿತ್ತು. ಹಾಗಿದ್ದರೂ, ಏನೂ ಅರಿಯದ ಮಗುವಿನ ಕೊರಳಿಗೆ ಮುತ್ತು ಕಟ್ಟಿ ದೇವರಿಗೆ ಬಿಡುವ ವಿಷಯದಲ್ಲಿ ನಾನು ಮುತ್ತುಲಕ್ಷ್ಮಿ ಅವರ ಪಕ್ಕದಲ್ಲೇ ನಿಲ್ಲುತ್ತೇನೆ. ದೇವದಾಸಿ ಮನೆಗಳಿಂದ ತಪ್ಪಿಸಿಕೊಂಡು ಬಂದ ಹುಡುಗಿಯರನ್ನು ಹಾಸ್ಟೆಲ್‌ಗಳು ಸೇರಿಸಿಕೊಳ್ಳದೆ ಹೋದಾಗ ಅವರು ತಮ್ಮ ಮನೆಯಲ್ಲೇ ಇಟ್ಟುಕೊಂಡರು. ಅವರ ಆಶ್ರಯಧಾಮ ಅವ್ವೈ ಇಲ್ಲಂ ಹುಟ್ಟಿದ್ದು ಹಾಗೆ.

1947ರ ಕಾನೂನು ಬಳ್ಳಾರಿಗೂ ಅನ್ವಯಿಸುತ್ತಿತ್ತು. ಆದರೂ ಮುತ್ತು ಕಟ್ಟುವುದು ನಿಲ್ಲಲಿಲ್ಲ. 1982ರಲ್ಲಿ ಕರ್ನಾಟಕ ಮತ್ತೊಂದು ಕಾನೂನು ಮಾಡಿತು. ನಿಷೇಧವನ್ನು ಎರಡೆರಡು ಸಲ ಬರೆದೆವು, ಅದಕ್ಕೂ ಮೊದಲು ಮುತ್ತುಲಕ್ಷ್ಮಿ ಬರೆಸಿದ್ದ ಭೂಮಿಯ ಮಾತನ್ನು ಮರೆತೆವು. ನಮ್ಮ ಕಡೆಯ ಮಾಜಿ ದೇವದಾಸಿ ತಾಯಂದಿರು ಇಂದಿಗೂ ಅರ್ಜಿ ಹಿಡಿದು ಕೇಳುತ್ತಿರುವುದು ಅದನ್ನೇ: ತಮ್ಮ ಹೆಸರಿನ ಪಹಣಿ ಇರುವ ಒಂದು ತುಂಡು ಹೊಲ.