ತುಂಡಾದ ಕೈಕಾಲನ್ನು ನೇರವಾಗಿ ಮಂಜುಗಡ್ಡೆಯಲ್ಲಿ ಇಡುವಂತಿಲ್ಲ: ಸ್ಪಷ್ಟನೆ

ಹುಬ್ಬಳ್ಳಿ-ಧಾರವಾಡ ಬೈಪಾಸ್‌ನ ಲಾರಿ ಅಪಘಾತಗಳನ್ನು ಉಲ್ಲೇಖಿಸಿ, ‘ತುಂಡಾದ ಕೈ ಅಥವಾ ಕಾಲನ್ನು ಮಂಜುಗಡ್ಡೆಯಲ್ಲಿ ಹುದುಗಿಸಿ ತಂದರೆ 24 ಗಂಟೆಯವರೆಗೂ ಮರುಜೋಡಿಸಬಹುದು’ ಎಂಬ ಸಂದೇಶವೊಂದು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಇದರಲ್ಲಿನ ಎರಡೂ ಮಾತುಗಳು ತಪ್ಪು.

ಮಂಜುಗಡ್ಡೆ ನೇರವಾಗಿ ತಗುಲಿದರೆ ಅಂಗಾಂಶವು ಹೆಪ್ಪುಗಟ್ಟಿ ಸಾಯುತ್ತದೆ. ಅಂಗವನ್ನು ಉಜ್ಜಿ ತೊಳೆಯದೆ, ಸಲೈನ್‌ನಲ್ಲಿ, ಅದು ಸಿಗದಿದ್ದರೆ ಶುದ್ಧ ನೀರಿನಲ್ಲಿ, ಅದ್ದಿ ಹಿಂಡಿದ ಬಟ್ಟೆಯಿಂದ ಸುತ್ತಿ, ಪ್ಲಾಸ್ಟಿಕ್ ಚೀಲದೊಳಗಿಟ್ಟು ಬಾಯಿ ಬಿಗಿದು, ಆ ಚೀಲವನ್ನು ಮಂಜುಗಡ್ಡೆ ಬೆರೆಸಿದ ನೀರಿನಲ್ಲಿ ಇಡಬೇಕೆಂಬುದು ಶಸ್ತ್ರಚಿಕಿತ್ಸೆಯಲ್ಲಿ ಒಪ್ಪಿತವಾದ ಕ್ರಮ. ಸ್ನಾಯುಗಳು ಹೆಚ್ಚಿರುವ ತೋಳು, ಕಾಲುಗಳು ತಂಪಿಲ್ಲದೆ ಸುಮಾರು 6 ಗಂಟೆಗಿಂತ ಹೆಚ್ಚು ತಾಳುವುದಿಲ್ಲ. ಬೆರಳುಗಳಲ್ಲಿ ಸ್ನಾಯುಗಳಿಲ್ಲದ ಕಾರಣ ಅವು ಇನ್ನಷ್ಟು ಹೊತ್ತು ಉಳಿಯುತ್ತವೆ. ಗೊಂದಲ ಬಹುಶಃ ಇಲ್ಲಿಂದಲೇ ಹುಟ್ಟಿರಬೇಕು.

ಲಾರಿಯ ಚಕ್ರದಡಿ ಜಜ್ಜಿಹೋದ ಅಂಗವನ್ನು ಅನೇಕ ವೇಳೆ ಜೋಡಿಸಲಾಗುವುದಿಲ್ಲ. ಆದರೂ ಆ ತೀರ್ಮಾನ ವೈದ್ಯರದು, ಆದ್ದರಿಂದ ಅಂಗವನ್ನು ರಸ್ತೆಯಲ್ಲಿ ಬಿಟ್ಟು ಬರಬಾರದು. ಅದಕ್ಕೂ ಮೊದಲು, ಗಾಯದ ಮೇಲೆ ಬಟ್ಟೆಯನ್ನಿಟ್ಟು ಬಲವಾಗಿ ಒತ್ತಿ ಹಿಡಿದು ರಕ್ತಸ್ರಾವ ತಡೆಯಬೇಕು, 108ಕ್ಕೆ ಕರೆ ಮಾಡಬೇಕು.

ಆ ಸಂದೇಶವನ್ನು ದಯವಿಟ್ಟು ಮುಂದೆ ಕಳುಹಿಸಬೇಡಿ. ಈಗಾಗಲೇ ಕಳುಹಿಸಿದ್ದರೆ, ಅದೇ ಗುಂಪಿನಲ್ಲಿ ಈ ಸ್ಪಷ್ಟನೆಯನ್ನು ಹಾಕಿ.